ಸಹಾಯ ಬೇಕು: ಅಮ್ಮನ ಸ್ತನದ ಕೆಳಗಿನ ತುರಿಕೆ ಮತ್ತೆ ಮತ್ತೆ ಬರುತ್ತಿದೆ

ಅಕ್ಕಂದಿರೇ, ಇಲ್ಲಿ ಹೆಂಗಸರೇ ಇರುವುದರಿಂದ ಸಂಕೋಚ ಬಿಟ್ಟು ಕೇಳುತ್ತಿದ್ದೇನೆ. ನಾವು ಕುಂದಾಪುರದ ಕಡೆಯವರು, ಇಲ್ಲಿನ ಸೆಕೆ ನಿಮಗೆ ಗೊತ್ತೇ ಇದೆ. ಅಮ್ಮನಿಗೆ ಅರವತ್ತು ದಾಟಿದೆ, ಮೈ ತುಸು ದಪ್ಪ, ಸಕ್ಕರೆ ಕಾಯಿಲೆಯೂ ಇದೆ. ಎರಡೂ ಸ್ತನಗಳ ಕೆಳಗಿನ ಮಡಿಕೆಯಲ್ಲಿ ಚರ್ಮ ಕೆಂಪಾಗಿ ಒದ್ದೆಯಾಗಿರುತ್ತದೆ. ಅಂಚಿನಾಚೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಬ್ರಾ ಪಟ್ಟಿ ಉಜ್ಜುವಲ್ಲಿ ಉರಿ.

ಪಕ್ಕದ ಮನೆಯವರು ಕೊಟ್ಟ ಸ್ಟೀರಾಯ್ಡ್ ಬೆರೆತ ಮುಲಾಮಿನಿಂದ ಮೊದಲು ತುರಿಕೆ ಇಳಿಯಿತು, ಆಮೇಲೆ ಇನ್ನಷ್ಟು ಹರಡಿತು. ಚರ್ಮದ ವೈದ್ಯೆ ಅದನ್ನು ನಿಲ್ಲಿಸಿದರು. ಬೆವರು, ಉಜ್ಜುವಿಕೆಯಿಂದ ಹಾಳಾದ ಚರ್ಮದಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದಿದೆಯಂತೆ; ಸಕ್ಕರೆ ಹಿಡಿತಕ್ಕೆ ಬಾರದಿದ್ದರೆ ಮರುಕಳಿಸುತ್ತದಂತೆ. ಈಗ ಶಿಲೀಂಧ್ರ ಕೊಲ್ಲುವ ಕ್ಲೋಟ್ರಿಮಜೋಲ್ ಮುಲಾಮನ್ನು ದಿನಕ್ಕೆರಡು ಬಾರಿ ಹಚ್ಚುತ್ತಿದ್ದೇವೆ. ಕೆಂಪು ಇಳಿದಿದೆ.

ಕಷ್ಟವಿರುವುದು ಆ ಜಾಗವನ್ನು ಒಣಗಿಸಿಡುವುದರಲ್ಲಿ. ಸ್ನಾನವಾದ ಮೇಲೆ ಮೆತ್ತಗೆ ಒತ್ತಿ ಒರೆಸಿ, ಫ್ಯಾನಿನ ಕೆಳಗೆ ಕೂರಿಸುತ್ತೇನೆ. ಮಡಿಕೆಯಲ್ಲಿ ಹಳೆಯ ಪಂಚೆಯ ತುಂಡು ಇಟ್ಟರೆ ಅಡುಗೆಮನೆಯಿಂದ ಬರುವಷ್ಟರಲ್ಲಿ ತೊಯ್ದಿರುತ್ತದೆ. ಒಲೆಯ ಮುಂದೆ ನಿಲ್ಲಬೇಡಿ ಎಂದರೆ ಅಮ್ಮ ಕೇಳಬೇಕಲ್ಲ!

ಇದನ್ನು ಅನುಭವಿಸಿದವರು ಹೇಳಿ: ಬಟ್ಟೆಯ ಬದಲು ಏನು ಇಡುತ್ತೀರಿ? ತಂತಿಯಿಲ್ಲದ, ದೊಡ್ಡ ಅಳತೆಯ ಹತ್ತಿಯ ಬ್ರಾ ಉಡುಪಿ, ಮಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ? ಗುಣವಾದ ಮೇಲೂ ವೈದ್ಯರು ನಿಮಗೆ ಶಿಲೀಂಧ್ರ ತಡೆಯುವ ಪುಡಿ ಮುಂದುವರಿಸಲು ಹೇಳಿದ್ದರೇ? ಅರಿಶಿನ, ಬೇವಿನ ಸಲಹೆ ಮಾತ್ರ ಬೇಡ, ದೊಡ್ಡಮ್ಮ ದಿನಾ ಫೋನಿನಲ್ಲಿ ಹೇಳುತ್ತಲೇ ಇದ್ದಾರೆ.