ಕತ್ತರಿಸಿದ ವೀ ಬೋರ್ಡ್: ಮೆನು ಬರುತ್ತದೆ, ಆಟ ಶುರುವಾದ ಕೂಡಲೇ ರೀಸ್ಟಾರ್ಟ್ ಆಗುತ್ತದೆ (ಬಳ್ಳಾರಿ)

ಬಳ್ಳಾರಿ ಬೆಸುಗೆ:

ಎಲ್ಲರಿಗೂ ನಮಸ್ಕಾರ. ಹಳೆಯ ನಿಂಟೆಂಡೊ ವೀ ಕನ್ಸೋಲನ್ನು ಕೈಯಲ್ಲಿ ಹಿಡಿದು ಆಡುವ ಯಂತ್ರವಾಗಿ ಮಾರ್ಪಡಿಸುತ್ತಿದ್ದೇನೆ. ಕೆಲಸ ಮುಕ್ಕಾಲು ಪಾಲು ಮುಗಿದಿದೆ, ಆದರೆ ಒಂದು ತೊಂದರೆ ಬಗೆಹರಿಯುತ್ತಿಲ್ಲ.

ಕನ್ಸೋಲ್ ಆರ್‌ವಿಎಲ್-001, ಅಂದರೆ ಗೇಮ್‌ಕ್ಯೂಬ್ ಕಂಟ್ರೋಲರಿಗೂ ಕಿಂಡಿಗಳಿರುವ ಮೊದಲ ಮಾದರಿ. ಚಿಕ್ಕದಾಗಿಸಲು ಮುಖ್ಯ ಬೋರ್ಡ್ ಕತ್ತರಿಸುವ ಮೊದಲೇ ಬೂಟ್‌ಮಿ ಎಂಬ ತಂತ್ರಾಂಶ ಬಳಸಿ ನ್ಯಾಂಡ್ ಮೆಮೊರಿಯ (ಕನ್ಸೋಲಿನ ಒಳಸಂಗ್ರಹದ) ನಕಲು ತೆಗೆದಿಟ್ಟಿದ್ದೇನೆ. ಡಿಸ್ಕ್ ಡ್ರೈವ್ ತೆಗೆದಿದ್ದೇನೆ. ನನ್ನ ಡಿಸ್ಕ್‌ಗಳಿಂದ ಪೆನ್‌ಡ್ರೈವಿಗೆ ಇಳಿಸಿಕೊಂಡ ಆಟಗಳನ್ನು ಓಡಿಸುತ್ತೇನೆ. ಬ್ಲೂಟೂತ್ ಮಾಡ್ಯೂಲ್ ಜೋಡಣೆಯಲ್ಲೇ ಇದೆ. ಪರದೆ ಕಾರಿನ ರಿವರ್ಸ್ ಕ್ಯಾಮೆರಾಕ್ಕೆ ಹಾಕುವ 5 ಇಂಚಿನದು. ಎರಡು 18650 ಲಿಥಿಯಂ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ, ರಕ್ಷಣಾ ಬೋರ್ಡ್ ಹಾಕಿದ್ದೇನೆ. ಅಲ್ಲಿಂದ ನಾಲ್ಕು ರೆಗ್ಯುಲೇಟರ್‌ಗಳು (ವೋಲ್ಟೇಜನ್ನು ಬೇಕಾದಷ್ಟಕ್ಕೆ ಇಳಿಸುವ ಭಾಗಗಳು) 1.0, 1.15, 1.8 ಮತ್ತು 3.3 ವೋಲ್ಟ್ ಕೊಡುತ್ತವೆ. ಯುಎಸ್‌ಬಿ ಮತ್ತು ಫ್ಯಾನಿಗೆ 5 ವೋಲ್ಟ್ ಬೇರೆ ಇದೆ.

ಮೆನು ಚೆನ್ನಾಗಿ ಬರುತ್ತದೆ, ಗಂಟೆಗಟ್ಟಲೆ ನಿಲ್ಲುತ್ತದೆ. ಆದರೆ ಆಟ ತೆರೆದು ಮೊದಲ ದೃಶ್ಯ ಮೂಡುತ್ತಿದ್ದಂತೆಯೇ ಪರದೆ ಕಪ್ಪಾಗಿ ಕನ್ಸೋಲ್ ಮೊದಲಿನಿಂದ ಶುರುವಾಗುತ್ತದೆ. ಬೆಳಗಿನ ಜಾವ ಕೆಲವೊಮ್ಮೆ ಆಟ ಸ್ವಲ್ಪ ಹೊತ್ತು ನಡೆಯುತ್ತದೆ. ಮಧ್ಯಾಹ್ನ ಒಮ್ಮೆಯೂ ನಡೆದಿಲ್ಲ. ರೆಗ್ಯುಲೇಟರ್‌ಗಳ ಔಟ್‌ಪುಟ್ ಅಳೆದಿದ್ದೇನೆ: 1.01, 1.15, 1.81, 3.31. ಎಲ್ಲವೂ ಸರಿಯಾಗಿಯೇ ಇವೆ. ಹಾಗಾದರೆ ಎಲ್ಲಿ ಹುಡುಕಬೇಕು?

ಸಿರುಗುಪ್ಪ ಹವ್ಯಾಸಿ:

ಬಿಸಿಲೇ ಕಾರಣ ಇರಬೇಕು. ಬೆಳಗ್ಗೆ ನಡೆದು ಮಧ್ಯಾಹ್ನ ನಡೆಯುವುದಿಲ್ಲ ಎಂದರೆ ಬೇರೇನು? ಹೀಟ್‌ಸಿಂಕ್ ತೆಗೆದು ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿ ನೋಡಿ. ಈ ತಿಂಗಳು ನಮ್ಮ ಮನೆಯ ಕಂಪ್ಯೂಟರೇ ಏದುಸಿರು ಬಿಡುತ್ತಿದೆ.

ಬಳ್ಳಾರಿ ಬೆಸುಗೆ:

ಪೇಸ್ಟ್ ಹೊಸದೇ. ಮೆನುವಿನಲ್ಲಿ ಬಹಳ ಹೊತ್ತು ಬಿಟ್ಟರೂ ಹೀಟ್‌ಸಿಂಕಿನ ಮೇಲೆ ಬೆರಳಿಟ್ಟುಕೊಂಡೇ ಇರಬಹುದು. ಆಟ ಶುರುವಾದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದ್ ಆಗುತ್ತದೆ. ಅಷ್ಟರಲ್ಲಿ ಚಿಪ್ ಕಾಯುವುದಿಲ್ಲ ಎಂದು ನನ್ನ ಅಂದಾಜು.

ರಾಯಚೂರು ರೆಟ್ರೊ:

ನಿಮ್ಮ ಅಂದಾಜು ಸರಿ. ಕಾದು ಕೆಡುವ ಯಂತ್ರ ನಿಧಾನವಾಗಿ ಕೆಡುತ್ತದೆ. ಮೊದಲು ಚಿತ್ರದಲ್ಲಿ ಚುಕ್ಕೆ, ಗೆರೆ ಕಾಣಿಸಿಕೊಳ್ಳುವುದೂ ಉಂಟು. ಪೆನ್‌ಡ್ರೈವಿಗೆ ವೋಲ್ಟೇಜ್ ಸಾಲದಿದ್ದರೆ ಆಟ ಸ್ತಬ್ಧವಾಗಬೇಕು, ಇಲ್ಲವೇ ದೋಷದ ಸಂದೇಶ ಬರಬೇಕು. ತಟ್ಟನೆ ರೀಸ್ಟಾರ್ಟ್ ಆಗುತ್ತದೆ ಎಂದರೆ ಮುಖ್ಯ ಚಿಪ್‌ಗಳಿಗೆ ಹೋಗುವ ವಿದ್ಯುತ್ತೇ ಆ ಕ್ಷಣದಲ್ಲಿ ಕುಸಿಯುತ್ತಿದೆ.

ಮೊದಲು ಸೆಲ್‌ಗಳನ್ನು ನೋಡೋಣ. ಅವುಗಳ ಮೇಲೆ ಎಷ್ಟು ಎಂಎಎಚ್ (ಸೆಲ್ಲಿನ ಸಾಮರ್ಥ್ಯ) ಎಂದು ಬರೆದಿದೆ? ಒಂದೊಂದರ ತೂಕ ಎಷ್ಟು? ಸೆಲ್ ಬದಿಗಿಟ್ಟು, ಪವರ್ ಸಪ್ಲೈಯನ್ನು 7.4 ವೋಲ್ಟಿಗೆ ಹೊಂದಿಸಿ ಓಡಿಸಿದರೆ ಏನಾಗುತ್ತದೆ? ಮೂರಕ್ಕೂ ಉತ್ತರ ಬೇಕು.

ಬಳ್ಳಾರಿ ಬೆಸುಗೆ:

ಅಣ್ಣಾ, ಸೆಲ್ ಮೇಲೆ 9800 ಎಂದು ಬರೆದಿದೆ. ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದ್ದು. ತೂಕ 31 ಗ್ರಾಂ.

ಪವರ್ ಸಪ್ಲೈಯಲ್ಲಿ ಸ್ವಲ್ಪ ವಾಸಿ. ಆಟ ಶುರುವಾಗುತ್ತದೆ, ಆದರೆ ತೆರೆಯ ಮೇಲೆ ಗದ್ದಲ ಹೆಚ್ಚಾದ ಕೂಡಲೇ ಮತ್ತೆ ಅದೇ ಪಾಡು. ಪರದೆಯೂ ಸೇರಿ ಸಪ್ಲೈ ತೋರಿಸುವ ಕರೆಂಟ್ ಸುಮಾರು 1.6 ಆಂಪಿಯರ್.

ರಾಯಚೂರು ರೆಟ್ರೊ:

ಆ ಸೆಲ್‌ಗಳನ್ನು ಈಗಲೇ ಬದಿಗಿಡಿ. 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದದ ಆ ಡಬ್ಬಿಯೊಳಗೆ ಒಳ್ಳೆಯ ಕಂಪನಿಗಳು ತುಂಬಿಸಿರುವುದೇ ಹೆಚ್ಚೆಂದರೆ 3500 ಎಂಎಎಚ್ ಆಸುಪಾಸು. 9800 ಎಂಬುದು ಬರೀ ಬರಹ. ಒಳ್ಳೆಯ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. 31 ಗ್ರಾಂ ಇದ್ದರೆ ಒಳಗೆ ಸರಕು ಕಡಿಮೆ ಇದೆ, ಒಳರೋಧವೂ ಜಾಸ್ತಿ ಇರುತ್ತದೆ. ಅವುಗಳನ್ನು ಕಸದ ಬುಟ್ಟಿಗೆ ಹಾಕಬೇಡಿ, ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಆದರೆ ಪವರ್ ಸಪ್ಲೈಯಲ್ಲೂ ಬೀಳುತ್ತಿದೆ ಎಂದಮೇಲೆ ಸೆಲ್ ಅರ್ಧ ಕಾರಣ ಮಾತ್ರ. ಉಳಿದರ್ಧ ರೆಗ್ಯುಲೇಟರಿಗೂ ಚಿಪ್ಪಿಗೂ ನಡುವೆ ಇದೆ. ನೀವು ಅಳೆದದ್ದು ರೆಗ್ಯುಲೇಟರಿನ ಕಾಲಿನ ಮೇಲೆ. ಮುನಿರಾಬಾದಿನಲ್ಲಿ ಕಾಲುವೆಯ ಗೇಟಿನ ಬಳಿ ನಿಂತು ಅಳೆದರೆ ಮಾನ್ವಿಯ ಹೊಲಕ್ಕೆ ಎಷ್ಟು ನೀರು ಬಂತು ಎಂದು ತಿಳಿಯುವುದಿಲ್ಲ. ಕೊನೆಭಾಗದಲ್ಲಿ ಅಳೆಯಬೇಕು.

ಹೀಗೆ ಮಾಡಿ. ಮಲ್ಟಿಮೀಟರಿನ ಕೆಂಪು ಮೊನೆಯನ್ನು ಬೋರ್ಡಿನ ಮೇಲೆ, ಚಿಪ್ಪಿಗೆ ಅತಿ ಹತ್ತಿರದ 1.0 ವೋಲ್ಟ್ ಕೆಪಾಸಿಟರಿನ ಒಂದು ತುದಿಗೆ ಹಿಡಿಯಿರಿ. ಕಪ್ಪು ಮೊನೆಯನ್ನು ಅದೇ ಕೆಪಾಸಿಟರಿನ ಇನ್ನೊಂದು ತುದಿಗೆ ಹಿಡಿಯಿರಿ. ಕಪ್ಪು ಮೊನೆಯನ್ನು ಬ್ಯಾಟರಿಯ ಋಣ ತುದಿಗೋ ರೆಗ್ಯುಲೇಟರಿನ ಗ್ರೌಂಡಿಗೋ (ಕರೆಂಟ್ ಹಿಂದಿರುಗುವ ತುದಿಗೋ) ಹಿಡಿದರೆ ಗ್ರೌಂಡ್ ತಂತಿಯಲ್ಲಿ ಆಗುವ ನಷ್ಟ ಲೆಕ್ಕಕ್ಕೆ ಸಿಗುವುದೇ ಇಲ್ಲ. ನಷ್ಟದ ಅರ್ಧ ಪಾಲು ಅಲ್ಲಿಯೇ ಇರುತ್ತದೆ. ಮೀಟರಿನಲ್ಲಿ ಕನಿಷ್ಠ ಮೌಲ್ಯ ಹಿಡಿದಿಡುವ ಗುಂಡಿ ಇದ್ದರೆ ಅದನ್ನು ಒತ್ತಿ, ಆಮೇಲೆ ಆಟ ತೆರೆಯಿರಿ. ಮೊನೆ ಜಾರಿ ಪಕ್ಕದ ಬಿಂದುವಿಗೆ ತಾಗಿದರೆ ಬೋರ್ಡ್ ಹೋದಂತೆಯೇ. ಸಾಧ್ಯವಾದರೆ ಎರಡು ಸಣ್ಣ ತಂತಿಗಳನ್ನು ಬೆಸೆದು, ಅವುಗಳಿಗೆ ಮೀಟರ್ ಸಿಕ್ಕಿಸಿ.

ರೆಗ್ಯುಲೇಟರಿನಿಂದ ಬೋರ್ಡಿಗೆ ಯಾವ ತಂತಿ ಹಾಕಿದ್ದೀರಿ, ಎಷ್ಟು ಉದ್ದ ಎಂಬುದನ್ನೂ ತಿಳಿಸಿ.

ಬಳ್ಳಾರಿ ಬೆಸುಗೆ:

ಮೆನುವಿನಲ್ಲಿ 0.94. ಆಟ ತೆರೆದಾಗ ಮೀಟರ್ ಹಿಡಿದ ಕನಿಷ್ಠ ಮೌಲ್ಯ 0.86. ಅದೇ ಹೊತ್ತಿನಲ್ಲಿ ರೆಗ್ಯುಲೇಟರಿನ ಕಾಲಿನ ಮೇಲೆ 1.01 ಇದ್ದಲ್ಲಿಯೇ ಇದೆ! 1.15ರ ಸಾಲು (ಆ ವೋಲ್ಟೇಜ್ ಹೋಗುವ ದಾರಿ) 1.05ಕ್ಕೆ ಇಳಿಯುತ್ತದೆ. 1.8 ಮತ್ತು 3.3ರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ತಂತಿ ಹಳೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ರಿಬ್ಬನ್ ಕೇಬಲ್ಲಿನಿಂದ ಬಿಡಿಸಿಕೊಂಡದ್ದು. ಪ್ರತಿ ಸಾಲಿಗೆ ಒಂದು, ಗ್ರೌಂಡಿಗೆ ಒಂದು. ಉದ್ದ 12 ಸೆಂಟಿಮೀಟರ್.

ರಾಯಚೂರು ರೆಟ್ರೊ:

ಸಿಕ್ಕಿತು. ಲೆಕ್ಕ ಹಾಕಿ ತೋರಿಸುತ್ತೇನೆ, ಏಕೆಂದರೆ ಈ ಹವ್ಯಾಸಕ್ಕೆ ಬರುವ ಬಹಳ ಜನರಿಗೆ ಇದು ಅಳೆಯುವ ತನಕ ನಂಬಿಕೆಯೇ ಬರುವುದಿಲ್ಲ.

ಹಳೆಯ ನಲವತ್ತು ಎಳೆಯ ರಿಬ್ಬನ್ ಕೇಬಲ್ಲಿನ ತಂತಿ 28 ಎಡಬ್ಲ್ಯೂಜಿ (ತಂತಿಯ ದಪ್ಪಕ್ಕೆ ಅಮೆರಿಕದ ಅಳತೆ). ಅದರ ರೋಧ ಮೀಟರಿಗೆ ಸುಮಾರು 0.21 ಓಮ್. ಹೋಗುವ 12 ಸೆಂಟಿಮೀಟರ್, ಗ್ರೌಂಡಿನಲ್ಲಿ ಹಿಂದಿರುಗುವ 12 ಸೆಂಟಿಮೀಟರ್, ಒಟ್ಟು 24. ರೋಧ 0.05 ಓಮ್. ಮೂರು ಆಂಪಿಯರ್ ಹರಿದರೆ ದಾರಿಯಲ್ಲೇ 0.15 ವೋಲ್ಟ್ ಕಳೆದುಹೋಗುತ್ತದೆ. 1.01ರಲ್ಲಿ 0.15 ಕಳೆಯಿರಿ: ನಿಮ್ಮ ಮೀಟರ್ ಹೇಳಿದ 0.86. ಮೆನುವಿನಲ್ಲಿ ಚಿಪ್ ಅರ್ಧದಷ್ಟೇ ಎಳೆಯುತ್ತದೆ, ಹಾಗಾಗಿ 0.94ರಲ್ಲಿ ಹೇಗೋ ಬದುಕುತ್ತದೆ.

3.3 ವೋಲ್ಟಿನ ಸಾಲಿನಲ್ಲಿ 0.15 ಹೋದರೂ ನಡೆಯುತ್ತಿತ್ತು, ಅದು ಶೇಕಡಾ 5ಕ್ಕಿಂತ ಕಡಿಮೆ. 1.0 ವೋಲ್ಟಿನಲ್ಲಿ ಅದೇ 0.15 ಎಂದರೆ ಶೇಕಡಾ 15. ವೋಲ್ಟೇಜ್ ಕಡಿಮೆ ಇರುವ ಕಡೆಯೇ ಕರೆಂಟ್ ಹೆಚ್ಚು, ತಂತಿ ದಪ್ಪ ಇರಬೇಕಾದದ್ದೂ ಅಲ್ಲಿಯೇ. ಮೂಲ ಬೋರ್ಡಿನಲ್ಲಿ ಹೊರಗಿನಿಂದ ಬರುವುದು 12 ವೋಲ್ಟ್; 1.0 ಮತ್ತು 1.15 ಮಾಡುವ ಭಾಗಗಳು ಬೋರ್ಡಿನ ಮೇಲೆಯೇ ಇದ್ದು, ಅಗಲವಾದ ತಾಮ್ರದ ಹಾಸಿನ ಮೂಲಕ ಚಿಪ್‌ಗಳಿಗೆ ತಲುಪುತ್ತಿದ್ದವು. ಕತ್ತರಿಸುವಾಗ ಆ ಹಾಸನ್ನು ತೆಗೆದಿದ್ದೇವೆ. ಅದರ ಜಾಗದಲ್ಲಿ ಕೂದಲಿನಂಥ ತಂತಿ ಇಟ್ಟರೆ ಸಾಲುವುದಿಲ್ಲ.

ಸಿರುಗುಪ್ಪದವರ ಮಾತಿನಲ್ಲೂ ಅಂಶ ಇದೆ. ತಾಮ್ರದ ರೋಧ ಒಂದು ಡಿಗ್ರಿಗೆ ಸುಮಾರು ಶೇಕಡಾ 0.4ರಷ್ಟು ಏರುತ್ತದೆ. ಬೆಳಗಿಗಿಂತ ಮಧ್ಯಾಹ್ನ 15 ಡಿಗ್ರಿ ಹೆಚ್ಚಿದ್ದರೆ ರೋಧ ಶೇಕಡಾ 6 ಹೆಚ್ಚು. ಕಾದ ಚಿಪ್ ಸೋರಿಕೆಯ ಕರೆಂಟನ್ನೂ ಹೆಚ್ಚು ಎಳೆಯುತ್ತದೆ. ಅಂಚಿನಲ್ಲಿ ನಿಂತಿದ್ದ ಯಂತ್ರಕ್ಕೆ ಅಷ್ಟೇ ಸಾಕು. ಬೆಳಗಿನ ಜಾವ ಆಟ ನಡೆದದ್ದಕ್ಕೆ ಕಾರಣ ಇದೇ ಎಂದು ನನಗನಿಸುತ್ತದೆ.

ರೆಗ್ಯುಲೇಟರಿನ ಔಟ್‌ಪುಟ್ಟನ್ನು 1.15ಕ್ಕೆ ಏರಿಸಿ ಸರಿದೂಗಿಸಲು ಮಾತ್ರ ಹೋಗಬೇಡಿ. ಚಿಪ್ ಬಿಡುವಾಗಿದ್ದಾಗ ನಷ್ಟ ಕಡಿಮೆಯಾಗಿ ಆ ಹೆಚ್ಚಿನ ವೋಲ್ಟೇಜ್ ನೇರವಾಗಿ ಅದರ ಮೇಲೆ ಬೀಳುತ್ತದೆ.

ಗಂಗಾವತಿ ತಂತಿ:

ದಪ್ಪ ತಂತಿಗೆ ಆನ್‌ಲೈನಿನಲ್ಲಿ ಹುಡುಕಬೇಕಾಗಿಲ್ಲ. ಭತ್ತದ ಸೀಮೆಯಲ್ಲಿ ಪಂಪ್‌ಸೆಟ್ ಇಲ್ಲದ ಹೊಲ ಯಾವುದಿದೆ? ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಿ 18 ಗೇಜಿನ ತಾಮ್ರದ ತಂತಿ ಕೇಳಿ, ತುಂಡು ಬಿದ್ದದ್ದನ್ನು ಹಾಗೆಯೇ ಕೊಟ್ಟುಬಿಡುತ್ತಾರೆ. ಅವರ ಗೇಜ್ ಬ್ರಿಟಿಷ್ ಅಳತೆಯಾದ ಎಸ್‌ಡಬ್ಲ್ಯೂಜಿ, ರಾಯಚೂರಿನವರು ಹೇಳಿದ ಎಡಬ್ಲ್ಯೂಜಿ ಅಲ್ಲ. 18 ಎಸ್‌ಡಬ್ಲ್ಯೂಜಿ ಎಂದರೆ 1.2 ಮಿಲಿಮೀಟರ್ ದಪ್ಪ. ಮೀಟರಿಗೆ 0.015 ಓಮ್ ಕೂಡ ಆಗುವುದಿಲ್ಲ.

ಮೇಲೆ ಎನಾಮಲ್ ಲೇಪ ಇರುತ್ತದೆ. ಬ್ಲೇಡಿನಿಂದ ಸುತ್ತಲೂ ಕೆರೆದು, ಕೆಂಪು ಹೋಗಿ ಗುಲಾಬಿ ಬಣ್ಣದ ಹೊಳಪು ಬಂದ ಮೇಲೆ ಫ್ಲಕ್ಸ್ ಹಚ್ಚಿ ಸೋಲ್ಡರ್ ಸವರಿ. ಒಂದು ಬದಿ ಕೆರೆದು ಇನ್ನೊಂದು ಬದಿ ಬಿಟ್ಟರೆ ಸೋಲ್ಡರ್ ಹಿಡಿದಂತೆ ಕಾಣುತ್ತದೆ, ಒಳಗೆ ಅರ್ಧ ಸಂಪರ್ಕ ಮಾತ್ರ ಇರುತ್ತದೆ.

ರಾಯಚೂರು ರೆಟ್ರೊ:

ಒಳ್ಳೆಯ ಉಪಾಯ. ಒಂದು ಎಚ್ಚರಿಕೆ: ಅಷ್ಟು ಗಟ್ಟಿಯಾದ ತಂತಿಯನ್ನು ಬೋರ್ಡಿನ ಪ್ಯಾಡಿಗೆ (ಬೆಸೆಯುವ ತಾಮ್ರದ ಚುಕ್ಕೆಗೆ) ನೇರವಾಗಿ ಬೆಸೆದು ಆಮೇಲೆ ಬಗ್ಗಿಸಿದರೆ ಪ್ಯಾಡ್ ಕಿತ್ತುಬರುತ್ತದೆ. ಮೊದಲು ಬಗ್ಗಿಸಿ ಆಕಾರ ಕೊಟ್ಟು, ಜಾಗದಲ್ಲಿ ಕೂರಿಸಿ, ಕೊನೆಗೆ ಬೆಸೆಯಿರಿ. ಬೆಸುಗೆಯಿಂದ ಸ್ವಲ್ಪ ದೂರದಲ್ಲಿ ಎಪಾಕ್ಸಿ ಹಾಕಿ ಅಂಟಿಸಿ. ರೆಗ್ಯುಲೇಟರ್‌ಗಳನ್ನೂ ಸರಿಸಿ, ಬೋರ್ಡಿನ ಬೆನ್ನಿಗೇ ತನ್ನಿ. 12 ಸೆಂಟಿಮೀಟರಿನ ಬದಲು 4 ಸಾಕು. ತಂತಿ ಬೋರ್ಡಿಗೆ ಸೇರುವ ಕಡೆ 1.0 ಮತ್ತು 1.15ಕ್ಕೆ ಒಂದೊಂದು 220 ಮೈಕ್ರೊಫ್ಯಾರಡ್ ಪಾಲಿಮರ್ ಕೆಪಾಸಿಟರ್ ಹಾಕಿ. ಕರೆಂಟ್ ದಿಢೀರನೆ ಏರುವ ಕ್ಷಣವನ್ನು ಅದು ತಡೆದುಕೊಳ್ಳುತ್ತದೆ.

ಬಳ್ಳಾರಿ ಬೆಸುಗೆ:

ಹೇಳಿದಂತೆಯೇ ಮಾಡಿದೆ. 18 ಗೇಜ್ ತಂತಿ, 4 ಸೆಂಟಿಮೀಟರ್. ಗ್ರೌಂಡಿಗೆ ಎರಡು ಎಳೆ. ಈಗ ಆಟದ ನಡುವೆ ಚಿಪ್ಪಿನ ಬಳಿ 0.99. 1.15ರ ಸಾಲು 1.14ಕ್ಕಿಂತ ಕೆಳಗೆ ಇಳಿಯುತ್ತಿಲ್ಲ. ಪವರ್ ಸಪ್ಲೈಯಲ್ಲಿ ಮಟಮಟ ಮಧ್ಯಾಹ್ನ, ಕೋಣೆಯ ಫ್ಯಾನ್ ಕೂಡ ಬಂದ್ ಮಾಡಿ ಆಡಿದೆ, ಒಮ್ಮೆಯೂ ರೀಸ್ಟಾರ್ಟ್ ಆಗಲಿಲ್ಲ. ನಿಮ್ಮೆಲ್ಲರಿಗೂ ಹೇಗೆ ಧನ್ಯವಾದ ಹೇಳಲಿ!

ಹೊಸ ಸೆಲ್ ತರಿಸುತ್ತಿದ್ದೇನೆ, ನಂಬಿಕೆಯ ಕಂಪನಿಯ 3000 ಎಂಎಎಚ್. ಎಷ್ಟು ಹೊತ್ತು ಬರಬಹುದು? ಮತ್ತೆ, ಕವಚವನ್ನು ಮರದಲ್ಲಿ ಮಾಡಿಸಬೇಕೆಂಬ ಆಸೆ ಇದೆ. ಕೊಪ್ಪಳದ ಕಿನ್ನಾಳದಲ್ಲಿ ಬೊಂಬೆ ಮಾಡುವ ಹಗುರ ಮರದಲ್ಲಿ, ಅವರದೇ ಬಣ್ಣ ಹಚ್ಚಿಸಿದರೆ ಹೇಗಿರಬಹುದು ಎಂದು ಯೋಚಿಸಿಯೇ ಖುಷಿಯಾಗುತ್ತಿದೆ.

ಗಂಗಾವತಿ ತಂತಿ:

ಮಾಡಿಸಿ! ಪ್ಲಾಸ್ಟಿಕ್ ಡಬ್ಬಿ ಎಲ್ಲರೂ ಮಾಡುತ್ತಾರೆ. ಅಳತೆಯನ್ನು ರಟ್ಟಿನಲ್ಲಿ ಕತ್ತರಿಸಿ ಕೈಯಲ್ಲೇ ಕೊಟ್ಟು ಬನ್ನಿ. ಬಣ್ಣ ಹಚ್ಚುವ ಮೊದಲು ಗುಂಡಿಗಳ ತೂತುಗಳನ್ನು ಸರಿನೋಡಿಕೊಳ್ಳಬೇಕು.

ರಾಯಚೂರು ರೆಟ್ರೊ:

ಸಮಯದ ಲೆಕ್ಕ ಸುಲಭ. ಎರಡು ಸೆಲ್, 3.6 ವೋಲ್ಟ್, 3 ಆಂಪಿಯರ್-ಗಂಟೆ: 21.6 ವ್ಯಾಟ್-ಗಂಟೆ. ನಿಮ್ಮ ಯಂತ್ರ ಎಳೆಯುವುದು 7.4 ಗುಣಿಸು 1.6, ಸುಮಾರು 12 ವ್ಯಾಟ್. ಒಂದೂಮುಕ್ಕಾಲು ಗಂಟೆ. ಇನ್ನೆರಡು ಸೆಲ್‌ಗಳನ್ನು ಸಮಾಂತರವಾಗಿ ಸೇರಿಸಲು ಜಾಗವಿದ್ದರೆ ದುಪ್ಪಟ್ಟಾಗುತ್ತದೆ.

ಮರದ ಕವಚ ಚೆಂದ, ಆದರೆ ಮರ ಶಾಖವನ್ನು ಹೊರಗೆ ಬಿಡುವುದಿಲ್ಲ. ಗಾಳಿ ಕೆಳಗಿನಿಂದ ಒಳಬಂದು, ಹೀಟ್‌ಸಿಂಕಿನ ರೆಕ್ಕೆಗಳ ನಡುವೆಯೇ ಹಾದು, ಮೇಲಿನಿಂದ ಹೊರಹೋಗಬೇಕು, ಅಡ್ಡದಾರಿ ಇರಬಾರದು. ಒಳಬರುವ ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಅದನ್ನು ಬಿಚ್ಚಿ ತೊಳೆಯುವಂತಿರಲಿ. ಅದಿರಿನ ಕೆಂಪು ದೂಳು ನಿಮ್ಮ ಕಡೆ ಯಾವ ಸಂದಿಯನ್ನೂ ಬಿಡುವುದಿಲ್ಲ. ಸೆಲ್‌ಗಳನ್ನು ಹೀಟ್‌ಸಿಂಕಿನಿಂದ ದೂರ, ಒಳಬರುವ ಗಾಳಿಯ ಬದಿಗೆ ಇಡಿ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲಿಥಿಯಂ ಸೆಲ್ ಚಾರ್ಜ್ ಮಾಡಲು ಸಾಮಾನ್ಯವಾಗಿ ತಯಾರಕರು ಕೊಡುವ ಮಿತಿ 45 ಡಿಗ್ರಿ. ನಮ್ಮ ಊರುಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ದಾಟುತ್ತದೆ. ಆಡಿ ಮುಗಿಸಿದ ಕೂಡಲೇ ಮರದ ಡಬ್ಬಿಯೊಳಗೆ ಎಷ್ಟಿರುತ್ತದೆ ಎಂದು ನೀವೇ ಊಹಿಸಿ. ಸೆಲ್ಲಿನ ಮೈಗೆ ಒಂದು 10 ಕಿಲೋಓಮ್ ಥರ್ಮಿಸ್ಟರ್ (ಉಷ್ಣತೆಗೆ ತಕ್ಕಂತೆ ರೋಧ ಬದಲಾಗುವ ಬಿಡಿಭಾಗ) ಅಂಟಿಸಿ, ಉಷ್ಣತೆ ನೋಡಿ ಚಾರ್ಜಿಂಗ್ ನಿಲ್ಲಿಸುವ ಚಾರ್ಜರ್ ಬೋರ್ಡನ್ನೇ ಕೊಳ್ಳಿ. ರಾತ್ರಿ ಹಾಸಿಗೆಯ ಪಕ್ಕ ಚಾರ್ಜಿಗೆ ಹಾಕಿ ಮಲಗುವುದಂತೂ ಬೇಡವೇ ಬೇಡ.

ಬಳ್ಳಾರಿ ಬೆಸುಗೆ:

ಥರ್ಮಿಸ್ಟರ್ ಇರುವ ಚಾರ್ಜರ್ ಬೋರ್ಡಿಗೆ ಆರ್ಡರ್ ಹಾಕಿದ್ದೇನೆ. ನಾಲ್ಕು ಸೆಲ್‌ಗಳಿಗೆ ಜಾಗ ಆಗುತ್ತದೆಯೇ ಎಂದು ರಟ್ಟಿನ ಮಾದರಿಯಲ್ಲಿ ನೋಡುತ್ತೇನೆ. ಹೊಸ ಸೆಲ್ ಬಂದ ಮೇಲೆ ಆಟ ನಡೆಯುವಾಗಿನ ವೋಲ್ಟೇಜ್ ಅಳತೆಗಳನ್ನೂ ಕವಚದ ಚಿತ್ರವನ್ನೂ ಇಲ್ಲಿಯೇ ಹಾಕುತ್ತೇನೆ.