ಲೀ ಮೋಚೌ: ಪಾಪ ಅನ್ನಿಸಬೇಕು, ಕ್ಷಮಿಸಬಾರದು. ಈ ಹದ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಬಯಲುಸೀಮೆ_ಕಥೆಗಾರ

ವೂಶಿಯಾ, ಅಂದರೆ ಚೀನೀ ಸಮರಕಲೆಯ ಕಾದಂಬರಿಗಳನ್ನು ಚೆನ್ನಾಗಿ ಓದಿಕೊಂಡವರು ದಯವಿಟ್ಟು ಹೇಳಿ. 20 ಕಂತಿನ ಒಂದು ಕಥೆ. ಖಳನಾಯಕಿ ಪ್ರೀತಿಯಲ್ಲಿ ಸೋತು ಕೊಲೆಗಾತಿ ಆದವಳು. ಆರನೇ ಕಂತಿನಲ್ಲಿ ಅವಳ ಪ್ರೇಮದ ಫ್ಲ್ಯಾಶ್‌ಬ್ಯಾಕ್ ಇಟ್ಟರೆ ಅವಳ ಮೇಲಿನ ಭಯವೇ ಹೋಗಿಬಿಡುತ್ತದೆ. ತೆಗೆದರೆ ಬರೀ ರಾಕ್ಷಸಿ. ಜಿನ್ ಯೊಂಗ್ ಅವರ ‘ದಿ ರಿಟರ್ನ್ ಆಫ್ ದಿ ಕಾಂಡರ್ ಹೀರೋಸ್’ ಕಾದಂಬರಿಯ ಲೀ ಮೋಚೌ ಮಾತ್ರ ಭಯವನ್ನೂ ಕರುಣೆಯನ್ನೂ ಕೊನೆತನಕ ಉಳಿಸಿಕೊಳ್ಳುತ್ತಾಳೆ. ಯಾವ ಘಟನೆ ಎಲ್ಲಿ ಬರುತ್ತದೆ, ಅಲ್ಲೇ ಯಾಕೆ ಬರುತ್ತದೆ ಅಂತ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. ಏಕಮುಖ ಪ್ರೇಮಕ್ಕೆ ಇವಳೇ ಸರಿಯಾದ ಮಾದರಿ ತಾನೇ?

ಉತ್ತರ 1: ಹಳೇಗೋರಿ

ಮೊದಲು ಅವಳು ಕಥೆಯೊಳಗೆ ಕಾಲಿಡುವ ರೀತಿ ನೋಡಿ. ಅವಳು ಬರುವುದಕ್ಕಿಂತ ಮುಂಚೆ ಅವಳ ಕೈಗುರುತು ಬರುತ್ತದೆ. ಜಿಯಾಶಿಂಗ್ ಊರಿನ ಲು ಮನೆತನದ ಗೋಡೆಯ ಮೇಲೆ ರಕ್ತದಷ್ಟು ಕೆಂಪಾದ ಒಂಬತ್ತು ಅಂಗೈ ಗುರುತು. ಮೇಲಿನ ಸಾಲಿನಲ್ಲಿ ಎರಡು, ನಡುವೆ ಎರಡು, ಕೆಳಗೆ ಐದು. ಒಂದೊಂದು ಗುರುತಿಗೆ ಒಂದೊಂದು ಜೀವ. ಮನೆಯ ಯಜಮಾನ ಲು ಲೀಡಿಂಗ್ ಲೆಕ್ಕ ಹಾಕುತ್ತಾನೆ: ತಾನು, ಹೆಂಡತಿ, ಇಬ್ಬರು ಹುಡುಗಿಯರು, ಮೂರು ಜನ ಆಳುಕಾಳು. ಒಟ್ಟು ಏಳೇ ಆಯಿತು. ಮೇಲಿನ ಎರಡು ಯಾರಿಗೆ? ಅವನ ಅಣ್ಣ ಲು ಝಾನ್‌ಯುಆನ್‌ಗೆ, ಅತ್ತಿಗೆ ಹೆ ಯುಆನ್‌ಜುನ್‌ಗೆ. ಇಬ್ಬರೂ ಆಗಲೇ ತೀರಿಕೊಂಡಿದ್ದಾರೆ.

ನನ್ನ ಪ್ರಕಾರ ಇಡೀ ಪಾತ್ರದ ಬೇರು ಇರುವುದು ಈ ಎರಡು ಗುರುತಿನಲ್ಲಿ. ತನ್ನನ್ನು ಬಿಟ್ಟು ಹೆ ಯುಆನ್‌ಜುನ್‌ಳ ಕೈಹಿಡಿದ ಲು ಝಾನ್‌ಯುಆನ್‌ನ ಮದುವೆಯ ದಿನವೇ ಅವಳು ರಂಪ ಮಾಡಲು ಹೋಗಿದ್ದಳು. ದಾಲಿ ರಾಜ್ಯದ ತ್ಯಾನ್‌ಲುಂಗ್ ಮಠದ ಹಿರಿಯ ಭಿಕ್ಷುವೊಬ್ಬರು ತಡೆದು, ಹತ್ತು ವರ್ಷ ಆ ದಂಪತಿಯ ತಂಟೆಗೆ ಹೋಗುವುದಿಲ್ಲ ಅಂತ ಮಾತು ತೆಗೆದುಕೊಂಡರು. ಅವಳು ಮಾತು ಉಳಿಸಿಕೊಂಡಳು. ವಾಯಿದೆ ಮುಗಿದು ಬಂದು ನೋಡಿದರೆ ಕೇಳಬೇಕಾದವರೇ ಇಲ್ಲ. ಉತ್ತರ ಕೊಡಬೇಕಾದವನು ಸತ್ತ ಮೇಲೆ ಆ ಸಿಟ್ಟು ಎಲ್ಲಿಗೆ ಹೋಗಬೇಕು? ಹೆಸರುಗಳ ಮೇಲೆ ಹೋಯಿತು. ಸವತಿಯ ಮನೆತನದ ಹೆಸರು ‘ಹೆ’ ಅಂತ, ಅದೇ ಹೆಸರಿನ ಮುದಿ ಕುಸ್ತಿಗುರು ಒಬ್ಬನ ಮನೆಯ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅವರಿಗೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ. ಸವತಿಯ ಹೆಸರಿನ ‘ಯುಆನ್’ ಅಕ್ಷರ ಬೋರ್ಡಿನಲ್ಲಿ ಇತ್ತು ಅನ್ನುವುದೊಂದೇ ಕಾರಣಕ್ಕೆ ಯುಆನ್ ನದಿಯ ಮೇಲಿನ 63 ಗೋದಾಮು, ದೋಣಿ ಮಳಿಗೆಗಳು ನಾಶವಾದವು.

ನಮ್ಮ ಅಂಬೆಯನ್ನು ಪಕ್ಕದಲ್ಲಿಟ್ಟು ನೋಡಿ. ಅವಳ ಛಲಕ್ಕೆ ಭೀಷ್ಮ ಅನ್ನುವ ಗುರಿ ಕೊನೆತನಕ ಜೀವಂತ ಇತ್ತು, ಅದಕ್ಕೇ ಅವಳ ಕಥೆ ನೇರವಾಗಿ ಸಾಗುತ್ತದೆ. ಲೀ ಮೋಚೌಗೆ ಆ ಭಾಗ್ಯವೂ ಇಲ್ಲ. ನಿಮ್ಮ ಕಥೆಯಲ್ಲಿ ಪ್ರಿಯಕರ ಬದುಕಿದ್ದಾನಾ? ಬದುಕಿದ್ದರೆ ಅವಳ ಸೇಡಿಗೆ ಒಂದು ನ್ಯಾಯ ಸಿಕ್ಕಿಬಿಡುತ್ತದೆ, ಓದುಗರು ಅವಳ ಪರ ವಾದಕ್ಕೆ ನಿಲ್ಲುತ್ತಾರೆ.

ಉತ್ತರ 2: ಕೆಂಪುಹೂ_ಹಸಿರೆಲೆ

ಹಳೇಗೋರಿ ಅವರು ಹೇಳಿದ್ದು ಒಪ್ಪಿದೆ. ಪ್ರಶ್ನೆಯಲ್ಲೇ ಒಂದು ತಿದ್ದುಪಡಿ ಬೇಕು. ಇದು ಏಕಮುಖ ಪ್ರೇಮ ಅಲ್ಲ, ಕೈಬಿಟ್ಟ ಪ್ರೇಮ. ಲೀ ಮೋಚೌ ಲು ಝಾನ್‌ಯುಆನ್‌ಗೆ ಒಂದು ಕಸೂತಿ ಕರವಸ್ತ್ರ ಕೊಟ್ಟಿದ್ದಳು, ಕೆಂಪು ಹೂವು, ಹಸಿರು ಎಲೆ. ಹೂವು ಅವಳು. ಚೀನೀ ಭಾಷೆಯಲ್ಲಿ ಹಸಿರು ಅನ್ನುವ ಪದ ‘ಲು’ ಅನ್ನುವ ಹೆಸರಿಗೆ ಹತ್ತಿರ ಕೇಳಿಸುತ್ತದೆ, ಹಾಗಾಗಿ ಎಲೆ ಅವನು. ಅವನು ಅದನ್ನು ಎಸೆಯಲಿಲ್ಲ. ಸಾಯುವಾಗ ತಮ್ಮನ ಕೈಗೆ ಕೊಟ್ಟು, ಅವಳು ಬಂದಾಗ ಇದನ್ನು ತೋರಿಸು ಅಂದ. ಪ್ರೀತಿ ಉಳಿದಿದ್ದಕ್ಕೆ ಇಟ್ಟುಕೊಂಡನೋ, ಮನೆಯವರ ಪ್ರಾಣಕ್ಕೆ ಬೇಕಾಗಬಹುದು ಅಂತ ಇಟ್ಟುಕೊಂಡನೋ, ಕಥೆ ಹೇಳುವುದಿಲ್ಲ.

ಆ ಬಟ್ಟೆ ಎರಡು ತುಂಡಾಗಿ ಆ ಇಬ್ಬರು ಹುಡುಗಿಯರ ಹತ್ತಿರ ಉಳಿಯುತ್ತದೆ. ಇಬ್ಬರೂ ಬೆಳೆದ ಮೇಲೆ ನಾಯಕ ಯಾಂಗ್ ಗ್ವೊನನ್ನು ಮನಸ್ಸಿನಲ್ಲೇ ಇಷ್ಟಪಡುತ್ತಾರೆ, ಒಬ್ಬಳಿಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬಳು ತನ್ನ ಅರ್ಧವನ್ನು ಅವನ ಜೀವ ಕಾಯಲಿ ಅಂತ ಕೊಟ್ಟುಬಿಡುತ್ತಾಳೆ. ಎರಡೂ ಅರ್ಧ ಮತ್ತೆ ಕಣ್ಣೆದುರು ಕೂಡಿದಾಗ ಲೀ ಮೋಚೌ ಅದನ್ನು ಚೂರು ಚೂರು ಮಾಡುತ್ತಾಳೆ. ಫ್ಲ್ಯಾಶ್‌ಬ್ಯಾಕ್ ಮಾಡಬೇಕಾದ ಕೆಲಸವನ್ನೆಲ್ಲ ಒಂದು ಬಟ್ಟೆ ತುಂಡು ಮಾಡಿದೆ. ಅವಳ ಪ್ರೇಮ ಮುಗಿದು ಹತ್ತು ವರ್ಷವಾದ ಮೇಲೆ ಕಥೆ ಶುರುವಾಗುತ್ತದೆ, ನಮಗೆ ಸಿಗುವುದು ಬೇರೆಯವರ ಬಾಯಿಂದ ಬಂದ ಚೂರುಗಳು ಮಾತ್ರ. 2014ರ ಚೀನೀ ಧಾರಾವಾಹಿಯಲ್ಲಿ ಆ ಹಳೇ ದಿನಗಳನ್ನು ಬೆಳೆಸಿ ತೋರಿಸಿದ್ದಾರೆ. ನೋಡಲು ಚೆಂದ, ಆದರೆ ಅವಳು ಅಲ್ಲಿ ಹೆದರಿಸುವುದಿಲ್ಲ. ನಿಮ್ಮ ಆರನೇ ಕಂತು ತೆಗೆದುಬಿಡಿ.

ನಿಜವಾದ ಏಕಮುಖ ಪ್ರೇಮ ಬೇಕಿದ್ದರೆ ಮೊದಲನೇ ಅಧ್ಯಾಯದಲ್ಲೇ ಇರುವ ವೂ ಸಾನ್‌ತುಂಗ್‌ನನ್ನು ನೋಡಿ. ಸಾಕುಮಗಳ ಮೇಲೆಯೇ ಮನಸ್ಸಿಟ್ಟು ಹುಚ್ಚನಾದವನು. ಆ ಸಾಕುಮಗಳೇ ಹೆ ಯುಆನ್‌ಜುನ್. ಅವನು ಸಮಾಧಿ ಅಗೆದು ನೋಡಿದರೆ ಶವಪೆಟ್ಟಿಗೆ ಖಾಲಿ, ಲೀ ಮೋಚೌ ಮೊದಲೇ ಹೆಣಗಳನ್ನು ಒಯ್ದಿದ್ದಾಳೆ. ಒಂದೇ ಗೋರಿಯನ್ನು ಇಬ್ಬರು ಅಗೆಯುತ್ತಾರೆ. ಅವನ ಹೆಂಡತಿಯಾದರೋ ಗಂಡನಿಗೆ ತಗುಲಿದ ವಿಷವನ್ನು ಬಾಯಿಂದ ಹೀರಿ ಸಾಯುತ್ತಾಳೆ. ಖಳನಾಯಕಿಯ ಪಕ್ಕದಲ್ಲಿ ಅಂಥದೇ ಗಾಯದ ಇನ್ನೊಬ್ಬರನ್ನು ನಿಲ್ಲಿಸಿದರೆ, ನೋವಿಗೂ ಕೊಲೆಗೂ ನಡುವೆ ಅವಳೇ ಮಾಡಿಕೊಂಡ ಆಯ್ಕೆ ಒಂದಿದೆ ಅನ್ನುವುದು ತಾನಾಗಿ ಕಾಣುತ್ತದೆ.

ಉತ್ತರ 3: ವರಸೆ_ಪಟ್ಟು

ಹೊಡೆದಾಟದ ಬಗ್ಗೆ ಯಾರೂ ಹೇಳಲಿಲ್ಲ. ವೂಶಿಯಾದಲ್ಲಿ ಆಯುಧ ಅಂದರೇ ಸ್ವಭಾವ. ಇವಳು ತಾವೊ ಸನ್ಯಾಸಿನಿ, ಏಪ್ರಿಕಾಟ್ ಹಳದಿಯ ನಿಲುವಂಗಿ, ಕೈಯಲ್ಲಿ ನಮ್ಮ ಚಾಮರದಂಥ ಫೂಚೆನ್. ಆ ಪದದ ಅರ್ಥ ಧೂಳು ಒರೆಸುವುದು, ಲೋಕದ ಮೋಹವನ್ನು ಒರೆಸಿ ಹಾಕಿದ್ದೇನೆ ಅನ್ನುವ ಗುರುತು. ಮೋಹ ಒಂದಿಷ್ಟೂ ಬಿಡದವಳು ಅದೇ ಕೂದಲ ಎಳೆಗಳಿಂದ ಎದುರಾಳಿಯ ಕತ್ತಿ ಸುತ್ತಿ ಕಿತ್ತುಕೊಳ್ಳುತ್ತಾಳೆ. ದೂರದಿಂದ ಹೊಡೆಯಲು ವಿಷದ ಬೆಳ್ಳಿ ಸೂಜಿಗಳು. ಅವನ್ನು ಸುಮ್ಮನೆ ಕೈಯಲ್ಲಿ ಎತ್ತಿಕೊಂಡರೂ ವಿಷ ಏರುತ್ತದೆ, ಹುಡುಗ ಯಾಂಗ್ ಗ್ವೊಗೆ ಹಾಗೇ ಆಗಿ ಕೈ ಕಪ್ಪಾಗುತ್ತದೆ. ಹೆಸರೂ ಅಷ್ಟೇ: ಮೋಚೌ ಅಂದರೆ ದುಃಖಪಡಬೇಡ.

ಅವಳ ಮೃದುತನ ಒಂದೇ ಒಂದು ಸಲ ಹೊರಬರುತ್ತದೆ. ಎಳೆಗೂಸು ಗ್ವೊ ಶಿಯಾಂಗ್‌ಳನ್ನು ಎತ್ತಿಕೊಂಡು ಹೋಗುವುದು ಸ್ವಾರ್ಥಕ್ಕೇ: ತಂಗಿಯಂಥ ಸಹಶಿಷ್ಯೆಯ ಮಗು ಅಂದುಕೊಂಡಿರುತ್ತಾಳೆ, ಗುರುಪಂಗಡದ ರಹಸ್ಯ ಗ್ರಂಥಕ್ಕೆ ಬದಲಾಗಿ ಕೊಡುವ ಲೆಕ್ಕ. ಆದರೆ ಮಗು ಹಸಿದು ಅಳುತ್ತದೆ. ಮರಿ ಹಾಕಿದ ಹೆಣ್ಣು ಚಿರತೆಯನ್ನು ಹಿಡಿದು, ಕಾಲು ಕಟ್ಟಿ, ಹಾಲು ಹಿಂಡಿ ಕುಡಿಸುತ್ತಾಳೆ. ಇಲ್ಲಿ ಗಮನಿಸಿ, ಅವಳು ಒಳ್ಳೆಯವಳಾಗಲಿಲ್ಲ. ಕ್ರೂರ ಕೈಯೇ, ಅದೇ ಬಲ, ಅದೇ ಚುರುಕು. ಉಪಯೋಗ ಮಾತ್ರ ಬೇರೆ. ಹೊಸಬರು ಎಡವುವುದು ಇಲ್ಲೇ. ಕರುಣೆ ಬರಿಸಲು ಅವಳನ್ನು ಅಳಿಸುತ್ತಾರೆ. ಅಳಿಸಬೇಡಿ, ಏನಾದರೂ ಕೆಲಸ ಕೊಡಿ.

ಪ್ರಶ್ನೆ ಕೇಳಿದವರು: ಬಯಲುಸೀಮೆ_ಕಥೆಗಾರ

ಎಲ್ಲರಿಗೂ ವಂದನೆ. ಫ್ಲ್ಯಾಶ್‌ಬ್ಯಾಕ್ ಹೋಯಿತು, ಪ್ರಿಯಕರನೂ ಹೋದ. ಇನ್ನು ಸಾವು. ನಾಯಕನ ಕತ್ತಿಗೆ ಬಲಿಯಾಗಬೇಕೋ, ಪಶ್ಚಾತ್ತಾಪಪಟ್ಟು ಸಾಯಬೇಕೋ?

ಉತ್ತರ 4: ಹಳೇಗೋರಿ

ಎರಡೂ ಬೇಡ. ಲೀ ಮೋಚೌ ತನ್ನದೇ ಕೆಲಸದಿಂದ ಸಾಯುತ್ತಾಳೆ. ಒಲವುರಹಿತ ಕಣಿವೆಯಲ್ಲಿ ಪ್ರೇಮಪುಷ್ಪ ಅನ್ನುವ ಮುಳ್ಳುಪೊದೆ, ಚುಚ್ಚಿದವರ ಮನಸ್ಸಿನಲ್ಲಿ ಪ್ರೀತಿಯ ನೆನಪು ಬಂದರೆ ಸಾಕು, ವಿಷ ಕೆರಳುತ್ತದೆ. ಪೊದೆ ದಾಟಲು ಅವಳು ತನ್ನ ಸ್ವಂತ ಶಿಷ್ಯೆ ಹುಂಗ್ ಲಿಂಗ್‌ಬೋಳನ್ನು ಅದರೊಳಗೆ ಎಸೆದು, ಮೆಟ್ಟುಗಲ್ಲಿನ ಹಾಗೆ ಮೆಟ್ಟುತ್ತಾಳೆ. ಶಿಷ್ಯೆ ಸಾಯುವ ಮೊದಲು ಅವಳ ಕಾಲು ತಬ್ಬಿ ಎಳೆದುಕೊಳ್ಳುತ್ತಾಳೆ. ಮುಳ್ಳು ಚುಚ್ಚಿದ್ದು ಹಾಗೆ. ಕೊಂದಿದ್ದು ಯಾರು ಹೇಳಿ? ನಾಯಕ ಕತ್ತಿ ಎತ್ತಬೇಕಾಗೇ ಇಲ್ಲ.

ಮೊದಲ ಅಧ್ಯಾಯದ ಖಾಲಿ ಶವಪೆಟ್ಟಿಗೆಗೂ ಇಲ್ಲೇ ಉತ್ತರ. ಹೆಣ ಏನು ಮಾಡಿದೆ ಅಂತ ವೂ ಸಾನ್‌ತುಂಗ್ ಕೇಳುತ್ತಾನೆ. ಸುಟ್ಟು, ಒಬ್ಬರ ಬೂದಿ ಹುವಾಶಾನ್ ಬೆಟ್ಟದ ತುದಿಯಲ್ಲಿ, ಇನ್ನೊಬ್ಬರದು ಪೂರ್ವ ಸಮುದ್ರದಲ್ಲಿ, ಇನ್ನೆಂದೂ ಕೂಡಬಾರದು ಅಂತ. ಓದುಗರ ಮನಸ್ಸು ಕರಗುವ ಹೊತ್ತಿಗೆ ಸರಿಯಾಗಿ ಈ ಮಾತು ಬಂದು ಮೈ ನಡುಗಿಸುತ್ತದೆ. ನಿಮ್ಮಲ್ಲಿರುವ ಅತಿ ಕ್ರೂರ ಸಂಗತಿಯನ್ನೂ ಹೀಗೇ ಕೊನೆಗೆ ಉಳಿಸಿಕೊಳ್ಳಿ.

ಆಮೇಲೆ ಬೆಂಕಿಗೆ ಉರುಳುತ್ತಾಳೆ, ಉರಿಯ ಒಳಗಿಂದ ಹಾಡುತ್ತಾಳೆ. ಹಾಡು ಯುಆನ್ ಹಾವೊವೆನ್ ಕವಿ 1205ರಲ್ಲಿ ಬರೆದದ್ದು. ಬೇಟೆಗಾರ ಒಂದು ಕಾಡು ಹೆಬ್ಬಾತನ್ನು ಕೊಂದಾಗ ಬಲೆಯಿಂದ ತಪ್ಪಿಸಿಕೊಂಡಿದ್ದ ಜೊತೆಹಕ್ಕಿ ನೆಲಕ್ಕೆ ಅಪ್ಪಳಿಸಿ ಸತ್ತಿತಂತೆ. ಕವಿ ಎರಡನ್ನೂ ಕೊಂಡು ಫೆನ್ ನದಿಯ ದಡದಲ್ಲಿ ಹೂಳಿ ಕಲ್ಲು ಪೇರಿಸಿದ. ಕ್ರೌಂಚದ ಕಥೆ ಕೇಳಿ ಬೆಳೆದ ನಮಗೆ ಇದು ತಟ್ಟನೆ ನಾಟುತ್ತದೆ. ಪ್ರೀತಿ ಅಂದರೇನು, ಅದು ಬದುಕು ಸಾವನ್ನೇ ಒತ್ತೆ ಇಡಿಸುತ್ತದಲ್ಲ ಅನ್ನುವ ಪ್ರಶ್ನೆಯಿಂದ ಆ ಪದ್ಯ ಶುರು. ಅವಳು ಆ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ದನಿ ಸಣ್ಣದಾಗುತ್ತಾ ಹೋಗಿ ನಿಲ್ಲುತ್ತದೆ. ಕೊನೆಯ ಕಂತಿನಲ್ಲಿ ಅವಳ ಬಾಯಿಗೆ ವಿವರಣೆ ತುರುಕಬೇಡಿ.