ಏಳು ತಿಂಗಳ ಮಗುವಿಗೆ ಜ್ವರ: ಡೆಂಗಿಯೋ, ಚಿಕುನ್‌ಗುನ್ಯಾವೋ? ಅನುಭವ ಇದ್ದವರು ಹೇಳಿ

ಪುಟ್ಟಿಯ ಅಮ್ಮ, ದಾವಣಗೆರೆ

ಮಗಳಿಗೆ ಏಳು ತಿಂಗಳು. ನಿನ್ನೆ ಬೆಳಗಿನಿಂದ 103ರ ಆಸುಪಾಸು ಜ್ವರ. ಎದೆ, ಬೆನ್ನಿನ ಮೇಲೆ ಕೆಂಪು ದದ್ದು. ಎತ್ತಿಕೊಂಡರೆ ಚೀರುತ್ತಾಳೆ, ಮಲಗಿಸಿದರೆ ಸುಮ್ಮನಾಗುತ್ತಾಳೆ. ಡೆಂಗಿಯ ಕಾರ್ಡ್ ಟೆಸ್ಟಿನಲ್ಲಿ ಎನ್‌ಎಸ್1 ನೆಗೆಟಿವ್, ಐಜಿಜಿ ಮಾತ್ರ ಪಾಸಿಟಿವ್, ಪ್ಲೇಟ್‌ಲೆಟ್ 1.9 ಲಕ್ಷ. ಅತ್ತೆಗೆ ಈಚೆಗೆ ಕೀಲುನೋವಿನ ಜ್ವರ ಬಂದು ಹೋಗಿದೆ, ಪಕ್ಕದ ಮನೆಯ ಹುಡುಗನಿಗೆ ಡೆಂಗಿ. ಡಾಕ್ಟರು ಪ್ಯಾರಾಸಿಟಮಾಲ್ ಬರೆದು, ನಾಳೆ ಮತ್ತೆ ತೋರಿಸಿ ಎಂದಿದ್ದಾರೆ. ಬಾಯಿ ಬಾರದ ಮಕ್ಕಳಲ್ಲಿ ಇವೆರಡನ್ನು ನೀವು ಹೇಗೆ ಗುರುತಿಸಿದಿರಿ? ಈ ಐಜಿಜಿ ಎಂದರೆ ಏನರ್ಥ?

ಅವಳಿ ಮಕ್ಕಳ ಅಪ್ಪ, ಬೆಂಗಳೂರು

ನೆಗೆಟಿವ್ ಕಾರ್ಡನ್ನು ನಂಬಿ ಕೂರಬೇಡಿ ಮೇಡಂ. ನಮ್ಮ ಅವಳಿಗಳಲ್ಲಿ ಚಿಕ್ಕವನಿಗೆ ಎಂಟನೇ ತಿಂಗಳಲ್ಲಿ ಡೆಂಗಿ ಬಂತು. ಕಾರ್ಡ್ ಟೆಸ್ಟ್ ನೆಗೆಟಿವ್, ಮರುದಿನ ಲ್ಯಾಬಿನಲ್ಲಿ ಮಾಡಿದ ಎಲೈಸಾ ಟೆಸ್ಟಿನಲ್ಲಿ ಪಾಸಿಟಿವ್. ಜ್ವರದ ನಾಲ್ಕನೇ ದಿನ ಮೈ ತಣ್ಣಗಾಯಿತು. ನಮ್ಮ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಅಸಲು ಸಂಕಟ ಆಗ ಶುರು. ಹಾಲು ಕುಡಿದದ್ದೆಲ್ಲ ವಾಂತಿ, ಅಂಗೈ ಅಂಗಾಲು ತಣ್ಣಗೆ, ಬೆಳಗಿನಿಂದ ಕಟ್ಟಿದ ಡೈಪರ್ ಮಧ್ಯಾಹ್ನವಾದರೂ ಒಣಗಿಯೇ ಇತ್ತು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೇ ರಕ್ತನಾಳಗಳಿಂದ ನೀರಿನಂಶ ಸೋರುವುದು ಎಂದು ನಮಗೆ ಹೇಳಿದವರು ಐಸಿಯುವಿನ ಡಾಕ್ಟರು.

ಎಲ್ಲರೂ ಪ್ಲೇಟ್‌ಲೆಟ್ ಪ್ಲೇಟ್‌ಲೆಟ್ ಎಂದು ಬಡಿದುಕೊಳ್ಳುತ್ತಾರೆ. ನೀವು ಹೆಮಟೋಕ್ರಿಟ್ ನೋಡಿ, ಅಂದರೆ ರಕ್ತದಲ್ಲಿ ಕೆಂಪುಕಣ ನೂರಕ್ಕೆ ಎಷ್ಟು ಎಂಬ ಅಂಕಿ. ನೀರಿನಂಶ ಸೋರಿದರೆ ಅದು ಏರುತ್ತದೆ. ನನ್ನ ಮಗನದು ಮೊದಲ ದಿನ 31.2, ನಾಲ್ಕನೇ ದಿನ 38.4. ವರದಿಯ ಬದಿಯಲ್ಲಿ ಅಚ್ಚಾಗಿದ್ದ ಅಳತೆ ದೊಡ್ಡವರದು, 36ರಿಂದ 46. ಹಾಗಾಗಿ ಏರಿದ ಅಂಕಿ ನೋಡಿ ಮೊದಲ ನರ್ಸಿಂಗ್ ಹೋಮಿನವರು 'ನಾರ್ಮಲ್' ಎಂದುಬಿಟ್ಟರು! ಹಸುಗೂಸಿನ ರಕ್ತ ಮೊದಲೇ ತೆಳು. ಅದರ ಹಳೆಯ ಅಂಕಿಯ ಮೇಲೆ ನೂರಕ್ಕೆ ಇಪ್ಪತ್ತು ಏರಿದರೆ ಅಪಾಯ.

ಖರ್ಚು ಕೇಳಿ. ಐಸಿಯು ಹಾಸಿಗೆ ದಿನಕ್ಕೆ 14,500. ಡ್ರಿಪ್ ಪಂಪಿಗೆ ಬೇರೆ 1,200. ದಿನಕ್ಕೆ ಮೂರು ಸಲ ರಕ್ತ, ಪ್ರತಿ ಸಲ 380. ಗ್ಲೌಸ್ ಎಂದೇ 2,160 ಹಾಕಿದ್ದರು, ಆ ಬಿಲ್ಲು ಇನ್ನೂ ನನ್ನ ಬಳಿ ಇದೆ. ಪ್ಲೇಟ್‌ಲೆಟ್ 22,000ಕ್ಕೆ ಇಳಿದರೂ ರಕ್ತಸ್ರಾವ ಇಲ್ಲದ ಕಾರಣ ಹಾಕಿಸಲಿಲ್ಲ. ಹಾಕಲೇಬೇಕು ಎಂದವರಿಗೆ ನಾನು ಸಹಿ ಹಾಕಲಿಲ್ಲ. ಹಿರಿಯ ಡಾಕ್ಟರು ಬಂದು ನೋಡಿ, ಬೇಡ ಎಂದೇ ಹೇಳಿದರು.

ಹಿರಿಯೂರು ಸೊಸೆ

ನಿಮ್ಮದು ಡೆಂಗಿ, ನಮ್ಮದು ಚಿಕುನ್‌ಗುನ್ಯಾ. ಹೆರಿಗೆಯ ಹಿಂದಿನ ದಿನ ನನಗೇ ಜ್ವರ, ಮಣಿಕಟ್ಟು ತಿರುಗಿಸಲಾಗದಷ್ಟು ನೋವು. ಹೆರಿಗೆ ನೋವಿನಲ್ಲಿ ಅದನ್ನು ಯಾರು ಕೇಳುತ್ತಾರೆ? ಮಗು ಚೆನ್ನಾಗಿಯೇ ಹುಟ್ಟಿತು. ನಾಲ್ಕನೇ ದಿನ ಮೊಲೆ ಹಿಡಿಯುವುದನ್ನು ಬಿಟ್ಟಿತು. ಜ್ವರ, ಕೈಕಾಲು ಊದಿದವು, ಬಟ್ಟೆ ಬದಲಿಸಲು ಕಾಲು ಎತ್ತಿದರೆ ಕಿರುಚಾಟ. ಆಮೇಲೆ ಹೊಟ್ಟೆಯ ಮೇಲೆ, ತೊಡೆಯ ಮೇಲೆ ನೀರುಗುಳ್ಳೆಗಳು ಎದ್ದು ಒಡೆದವು. ಸುಟ್ಟ ಗಾಯವೇ ಎಂದು ಆಯಾ ಕೇಳಿದಳು. ನಮ್ಮ ಅತ್ತೆ 'ಬಿಸಿನೀರು ಹಾಕಿದವಳು ನಿನ್ನ ತಾಯಿಯೇ ತಾನೇ' ಎಂದರು. ಆ ಮಾತು ಇವತ್ತಿಗೂ ನಮ್ಮ ಮನೆಯಲ್ಲಿ ಕೊಳೆಯುತ್ತಿದೆ.

ಹೆರಿಗೆಯ ಹೊತ್ತಿಗೆ ತಾಯಿಯ ರಕ್ತದಲ್ಲಿ ವೈರಸ್ ಇದ್ದರೆ ಸುಮಾರು ಅರ್ಧದಷ್ಟು ಕೂಸುಗಳಿಗೆ ಅಂಟುತ್ತದಂತೆ, ಸಿಸೇರಿಯನ್ ಮಾಡಿದರೂ ತಪ್ಪುವುದಿಲ್ಲವಂತೆ. ಎದೆಹಾಲು ನಿಲ್ಲಿಸಬೇಡಿ ಎಂದು ಮಕ್ಕಳ ಡಾಕ್ಟರೇ ಹೇಳಿದರೂ ಬಂಧುಗಳು ಡಬ್ಬಿ ಹಾಲು ತಂದಿಟ್ಟರು. ಮೂಗಿನ ತುದಿ, ಬಾಯಿಯ ಸುತ್ತ ಕಪ್ಪಾಯಿತು. ಆ ಮೂಗು ನೋಡಿಯೇ ಚಿಕುನ್‌ಗುನ್ಯಾ ಎಂದು ಡಾಕ್ಟರು ಹೇಳಿದ್ದು, ಪಿಸಿಆರ್ ವರದಿ ಆಮೇಲೆ ಬಂತು. ಪ್ಲೇಟ್‌ಲೆಟ್ 90,000ದ ಕೆಳಗೆ ಹೋಗಲೇ ಇಲ್ಲ. ಎನ್‌ಐಸಿಯು (ಹಸುಗೂಸುಗಳ ಐಸಿಯು), ಪಿಸಿಆರ್, ಚಿತ್ರದುರ್ಗದಿಂದ ಆಂಬುಲೆನ್ಸ್ ಎಲ್ಲ ಸೇರಿ 1,38,000. ನನ್ನ ಎರಡು ಬಳೆ ಹೋದವು. ಮೂಗಿನ ಕಪ್ಪು ಹೋಗಲು ತಿಂಗಳುಗಟ್ಟಲೆ ಹಿಡಿಯಿತು. ನಾಮಕರಣದ ಫೋಟೊದಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ.

ಲ್ಯಾಬ್ ಅಣ್ಣ, ಹುಬ್ಬಳ್ಳಿ

ಕೇಳಿದ್ದು ಐಜಿಜಿ ಬಗ್ಗೆ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಸೋಂಕು ಬಂದು ಹೋದ ಮೇಲೂ ರಕ್ತದಲ್ಲಿ ಉಳಿಯುವ ಪ್ರತಿಕಾಯ ಅದು. ತಂಗಿ, ಏಳು ತಿಂಗಳ ಮಗುವಿನಲ್ಲಿ ಅದು ನಿಮ್ಮದೇ ಐಜಿಜಿ ಇರಬಹುದು. ಗರ್ಭದಲ್ಲಿದ್ದಾಗ ಹೊಕ್ಕುಳಬಳ್ಳಿಯ ಮೂಲಕ ಹೋದದ್ದು. ನಿಮಗೆ ಎಂದೋ ಡೆಂಗಿ ಬಂದಿತ್ತು ಎನ್ನುವುದಕ್ಕೆ ಸಾಕ್ಷಿ, ಮಗುವಿಗೆ ಈಗ ಬಂದಿದೆ ಎನ್ನುವುದಕ್ಕಲ್ಲ. ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಆರರಿಂದ ಒಂಬತ್ತು ತಿಂಗಳಲ್ಲಿ ಅದು ಕರಗುತ್ತಾ ಬಂದಿರುತ್ತದೆ. ಕಾಯುವಷ್ಟು ಉಳಿದಿರುವುದಿಲ್ಲ, ವೈರಸ್ಸಿಗೆ ದಾರಿ ಮಾಡಿಕೊಡುವಷ್ಟು ಉಳಿದಿರುತ್ತದೆ ಎಂದು ವಿವರಿಸುತ್ತಾರೆ. ಮೊದಲ ಸಲದ ಡೆಂಗಿಯೇ ಈ ವಯಸ್ಸಿನಲ್ಲಿ ಜೋರಾಗಿ ಬರಲು ಅದೇ ಕಾರಣವಂತೆ.

ವೈರಸ್ಸಿನದೇ ಪ್ರೋಟೀನ್ ಹುಡುಕುವ ಎನ್‌ಎಸ್1 ಟೆಸ್ಟ್ ಮೊದಲ ಐದು ದಿನಕ್ಕೆ, ಹೊಸ ಸೋಂಕಿಗೆ ಮೂಡುವ ಪ್ರತಿಕಾಯ ಐಜಿಎಂ ಐದರ ನಂತರ. ಚಿಕುನ್‌ಗುನ್ಯಾಕ್ಕೆ ಮೊದಲ ವಾರ ಪಿಸಿಆರ್, ಆಮೇಲೆ ಐಜಿಎಂ. ಎರಡನೇ ದಿನ ಐಜಿಎಂ ಮಾಡಿಸಿ ನೆಗೆಟಿವ್ ಬಂತು ಎಂದು ಕುಣಿಯುವವರನ್ನು ದಿನಾ ನೋಡುತ್ತೇನೆ. 2024ರಲ್ಲಿ ಸರ್ಕಾರ ಖಾಸಗಿಯವರಿಗೆ ದರ ಕಟ್ಟಿದೆ: ಎನ್‌ಎಸ್1 ಎಲೈಸಾ 300, ಐಜಿಎಂ ಎಲೈಸಾ 300, ಕಾರ್ಡ್ 250.

ಅವಳಿ ಮಕ್ಕಳ ಅಪ್ಪ, ಬೆಂಗಳೂರು

300 ರೂಪಾಯಿಯೇ? ನನ್ನಿಂದ 1,650 ಕಿತ್ತಿದ್ದಾರೆ. ನಿಮ್ಮ ಕಡೆಯವರೇ ಹೀಗೆ ದೋಚಿಕೊಂಡು, ಇಲ್ಲಿ ಬಂದು ಪಾಠ ಹೇಳುತ್ತೀರಿ.

ಲ್ಯಾಬ್ ಅಣ್ಣ, ಹುಬ್ಬಳ್ಳಿ

ನಾನು ಕಿತ್ತೆನೇ ಸ್ವಾಮಿ? ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಸಂಬಳಕ್ಕೆ ದುಡಿಯುವವನು. ನಮ್ಮಲ್ಲಿ ಎಲೈಸಾ ಪುಕ್ಕಟೆ. ಸಾಲಿನಲ್ಲಿ ನಿಲ್ಲುವುದಕ್ಕೆ ನಿಮ್ಮಂಥವರಿಗೆ ನಾಚಿಕೆ.

ಮಂಗಳೂರು ಅಜ್ಜಿ

ಎಷ್ಟು ಮಾತು! 2008ರಲ್ಲಿ ದಕ್ಷಿಣ ಕನ್ನಡದಲ್ಲಿ ಮನೆಮನೆಗೂ ಚಿಕುನ್‌ಗುನ್ಯಾ. ಅಡಿಕೆ ಕೊಯ್ಲಿಗೆ ಆಳು ಸಿಗಲಿಲ್ಲ, ಗಂಡಸರು ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು. ನನ್ನ ಮೊಮ್ಮಗ ಆಗ ಹಾಲುಗೂಸು. ಪಪ್ಪಾಯ ಎಲೆ ಜಜ್ಜಿ, ಬಟ್ಟೆಯಲ್ಲಿ ಹಿಂಡಿ ಅರ್ಧ ಚಮಚ ಕೊಟ್ಟೆ. ಈಗ ಆರಡಿ ಹುಡುಗ.

ಹಿರಿಯೂರು ಸೊಸೆ

ಅಜ್ಜಿ, ನಿಮ್ಮ ಹಿರಿತನಕ್ಕೆ ನಮಸ್ಕಾರ. ಆದರೆ ಆರು ತಿಂಗಳು ತುಂಬದ ಕೂಸಿಗೆ ನೀರೇ ಕೊಡಬಾರದು ಎನ್ನುತ್ತಾರೆ, ನೀವು ಆ ಕಹಿ ಹಿಂಡುತ್ತೀರಾ? ಡೆಂಗಿಯ ಮಗು ಮೊದಲೇ ವಾಂತಿ ಮಾಡುತ್ತಿರುತ್ತದೆ. ನಿಮ್ಮ ಕಷಾಯದಿಂದ ವಾಂತಿಯಾಯಿತೋ ರೋಗದಿಂದಾಯಿತೋ, ಡಾಕ್ಟರು ಹೇಗೆ ಹೇಳಬೇಕು?

ಮಂಗಳೂರು ಅಜ್ಜಿ

ನಾಲ್ಕು ಮಕ್ಕಳನ್ನು ಸಾಕಿದವಳು ನಾನು. ನಿನ್ನ ಬಳೆ ಹೋದದ್ದು ನನ್ನ ಎಲೆಯಿಂದ ಅಲ್ಲವಲ್ಲ ಮಗಳೇ?

ಕೊಪ್ಪಳ ಮಾವ

ಜಗಳ ಆಮೇಲೆ. ಅವಳಿ ಮಕ್ಕಳ ಅಪ್ಪ ಪ್ಲೇಟ್‌ಲೆಟ್ ಹಾಕಿಸಲಿಲ್ಲ ಎಂದು ಎದೆ ತಟ್ಟಿಕೊಳ್ಳುತ್ತಿದ್ದಾರೆ. ನನ್ನ ತಂಗಿಯ ಮಗುವಿಗೆ ಹತ್ತು ತಿಂಗಳು, ಒಸಡಿನಲ್ಲಿ ರಕ್ತ, ಮಲ ಡಾಂಬರಿನಂತೆ ಕಪ್ಪು. ಹಾಕಿಸದೆ ಇದ್ದಿದ್ದರೆ? ಎಸ್‌ಡಿಪಿ, ಅಂದರೆ ಒಬ್ಬನೇ ದಾನಿಯಿಂದ ತೆಗೆದ ಪ್ಲೇಟ್‌ಲೆಟ್, ಒಂದು ಚೀಲ 11,800. ದಾನಿಯನ್ನು ನಾವೇ ತರಬೇಕು ಎಂದರು. ರಾತ್ರಿ ಕ್ರೂಸರಿನಲ್ಲಿ ಹುಡುಗರನ್ನು ತುಂಬಿಕೊಂಡು ಹೋದರೆ ಒಬ್ಬನಿಗೆ ಹಿಮೋಗ್ಲೋಬಿನ್ ಕಡಿಮೆ, ಒಬ್ಬ ತಂಬಾಕು ಜಗಿದು ಬಂದಿದ್ದ, ಒಬ್ಬನ ನರ ಸಿಗಲಿಲ್ಲ. ಕೊನೆಗೆ ಡ್ರೈವರೇ ಕೊಟ್ಟ. ಅವನ ಬಾಡಿಗೆ 4,200 ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಇನ್ನೊಂದು ಮಾತು. ಮೆಡಿಕಲ್ ಅಂಗಡಿಯವನು ಜ್ವರ ಇಳಿಯಲಿ ಎಂದು ಮೆಫೆನಾಮಿಕ್ ಸಿರಪ್ ಕೊಟ್ಟಿದ್ದ. ಡೆಂಗಿ ಅಲ್ಲ ಎಂದು ಖಚಿತವಾಗುವ ತನಕ ಅದೂ ಬೇಡ, ಐಬುಪ್ರೊಫೆನ್ನೂ ಬೇಡ, ಆಸ್ಪಿರಿನ್ನಂತೂ ಬೇಡವೇ ಬೇಡ. ತೂಕ ನೋಡಿ ಪ್ಯಾರಾಸಿಟಮಾಲ್ ಅಷ್ಟೇ ಎಂದು ವಾರ್ಡಿನ ಡಾಕ್ಟರು ನಮ್ಮ ಭಾವನಿಗೆ ಎಲ್ಲರೆದುರು ಬೈದರು.

ಅವಳಿ ಮಕ್ಕಳ ಅಪ್ಪ, ಬೆಂಗಳೂರು

ನಾನು ಬರೆದದ್ದು 'ರಕ್ತಸ್ರಾವ ಇಲ್ಲದ ಕಾರಣ' ಎಂದು. ಓದಲು ಬರುತ್ತದೆಯೇ?

ಕೊಪ್ಪಳ ಮಾವ

ಓದಲು ಬರುತ್ತದೆ. ಅಹಂಕಾರವೂ ಕಾಣುತ್ತದೆ.

ರಾಯಚೂರು ಟೀಚರ್

ಸೊಳ್ಳೆಯಿಂದಲೇ ಬರುವ ಜೀಕಾ ಜ್ವರದ ಬಗ್ಗೆ ಯಾರೂ ಹೇಳಲಿಲ್ಲವಲ್ಲ? 2022ರ ಡಿಸೆಂಬರಿನಲ್ಲಿ ರಾಜ್ಯದ ಮೊದಲ ಪ್ರಕರಣ ನಮ್ಮ ಜಿಲ್ಲೆಯ ಐದು ವರ್ಷದ ಹುಡುಗಿಯಲ್ಲಿ ಕಂಡಾಗ ಶಾಲೆಗೆ ಮಕ್ಕಳೇ ಬರಲಿಲ್ಲ. ಆ ಸಮಯದಲ್ಲಿ ನನ್ನ ಮಗನಿಗೆ ದದ್ದು, ಕೆಂಗಣ್ಣು. ಮನೆಯಲ್ಲಿ ಅನ್ನ ಬೇಯಲಿಲ್ಲ. ಕೊನೆಗೆ ಅದೂ ಇಲ್ಲ, ಇದೂ ಇಲ್ಲ, ಮಾಮೂಲಿ ವೈರಲ್. ಡೆಂಗಿ ಐಜಿಎಂ ಮಾತ್ರ ಅರೆಬರೆ ಪಾಸಿಟಿವ್. ಜೀಕಾ, ಮೆದುಳು ಜ್ವರದ ವೈರಸ್ ಎಲ್ಲ ಡೆಂಗಿಯ ದಾಯಾದಿಗಳು, ಐಜಿಎಂ ಅವುಗಳ ನಡುವೆ ಗೊಂದಲ ಮಾಡುತ್ತದಂತೆ. ಚಿಕುನ್‌ಗುನ್ಯಾ ಬೇರೆ ಕುಲ.

ನನಗೆ ಸಿಟ್ಟಿರುವುದು ಬೇರೆ. ನಮ್ಮ ಎದುರು ಮನೆಯವರು ಬ್ಯಾರೆಲ್ ಮುಚ್ಚುವುದಿಲ್ಲ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗೆ 400, ಹಳ್ಳಿಯ ಮನೆಗೆ 200 ದಂಡ ಎಂದರು. ಒಬ್ಬರಿಗಾದರೂ ಹಾಕಿದ್ದನ್ನು ನೋಡಿದ್ದೀರಾ?

ಕೊಪ್ಪಳ ಮಾವ

ಎರಡು ವಾರಕ್ಕೊಮ್ಮೆ ನಲ್ಲಿ ನೀರು ಬಿಟ್ಟರೆ ಬ್ಯಾರೆಲ್ ತುಂಬದೆ ಏನು ಮಾಡಬೇಕು ಟೀಚರ್? ದಂಡ ನೀರು ಬಿಡದವರಿಗೆ ಹಾಕಲಿ.

ರಾಯಚೂರು ಟೀಚರ್

ತುಂಬಬೇಡಿ ಎಂದೆನೇ? ಮೇಲೊಂದು ಹಳೆಯ ಪಂಚೆ ಕಟ್ಟಲು ಏನು ಕಷ್ಟ?

ಪುಟ್ಟಿಯ ಅಮ್ಮ, ದಾವಣಗೆರೆ

ಎಲ್ಲರಿಗೂ ವಂದನೆ. ಬೆಳಿಗ್ಗೆ ತೋರಿಸಿದೆವು. ಜ್ವರ 101, ಪ್ಲೇಟ್‌ಲೆಟ್ 1.7 ಲಕ್ಷ. ಹೆಮಟೋಕ್ರಿಟ್ ಕೇಳಿದ್ದಕ್ಕೆ ಡಾಕ್ಟರು ನನ್ನನ್ನೊಮ್ಮೆ ನೋಡಿ ಎರಡೂ ವರದಿ ತೋರಿಸಿದರು: 32.1, ಇಂದು 32.4. ಮಣಿಕಟ್ಟು, ಪಾದದ ಗಂಟು ಸ್ವಲ್ಪ ಊದಿವೆ, ಮುಟ್ಟಿದರೆ ಅಳುತ್ತಾಳೆ. ಚಿಕುನ್‌ಗುನ್ಯಾ ಇರಬಹುದು, ಆದರೆ ಡೆಂಗಿ ಬಿಟ್ಟುಹಾಕುವುದಿಲ್ಲ ಎಂದರು. ಪಿಸಿಆರ್‌ಗೆ ರಕ್ತ ಕೊಟ್ಟೆವು, ಎನ್‌ಎಸ್1 ಎಲೈಸಾಕ್ಕೂ. ಮೂತ್ರ ಚೆನ್ನಾಗಿ ಮಾಡುತ್ತಿದ್ದಾಳೆ.

ಅವಳಿ ಮಕ್ಕಳ ಅಪ್ಪ, ಬೆಂಗಳೂರು

ಎರಡೂ ಒಟ್ಟಿಗೆ ಬರುವುದುಂಟು ಮೇಡಂ. ಜ್ವರ ಬಿಟ್ಟ ಮೇಲೂ ಎರಡು ದಿನ ರಕ್ತ ನೋಡುವುದನ್ನು ಬಿಡಬೇಡಿ. ಪಿಸಿಆರ್‌ಗೆ ಎಷ್ಟು ತೆಗೆದುಕೊಂಡರು?

ಪುಟ್ಟಿಯ ಅಮ್ಮ, ದಾವಣಗೆರೆ

2,800.

ಲ್ಯಾಬ್ ಅಣ್ಣ, ಹುಬ್ಬಳ್ಳಿ

ಸರ್ಕಾರಿ ಲ್ಯಾಬಿಗೆ ಕೊಟ್ಟಿದ್ದರೆ ದುಡ್ಡು ಉಳಿಯುತ್ತಿತ್ತು. ಹೇಳಿದರೆ ಪಾಠ ಎನ್ನುತ್ತಾರೆ.

ಮಂಗಳೂರು ಅಜ್ಜಿ

ಅಷ್ಟು ದುಡ್ಡಿಗೆ ಪಪ್ಪಾಯ ತೋಟವನ್ನೇ ಹಾಕಬಹುದಿತ್ತು.